ಅಕ್ಕನ ದನಿಯಿದ್ದ ಕಾರ್ಡು

ಮಂಗಳವಾರ, ಮಾರ್ಚ್ ೧೨

ಗಂಟಲಿನ ಆಪರೇಷನ್ನಿಗೆ ಮುಂಚೆ ಅಕ್ಕ ಓದಿಕೊಟ್ಟ ಕವಿತೆಗಳೆಲ್ಲ ಇದ್ದ ಮೆಮೊರಿ ಕಾರ್ಡು ಬೆಳಿಗ್ಗೆಯಿಂದ ತೆರೆಯುತ್ತಿಲ್ಲ.

“ಸತ್ತೋಗಿದೆ ಮೇಡಂ, ಫಾರ್ಮ್ಯಾಟ್ ಮಾಡ್ಬಿಡಿ,” ಎಂದ ರಿಪೇರಿ ಅಂಗಡಿಯವನು.

“ಸತ್ತಿರೋದನ್ನ ಮತ್ತೆ ಯಾಕೆ ಕೊಲ್ಲೋದು? ಕೊಡಿ ಇಲ್ಲಿ,” ಎಂದು ಕಿತ್ತುಕೊಂಡು ಬಂದೆ.

ಮಾತು ಕಳೆದುಕೊಂಡ ಅಕ್ಕನೂ ಚೀಟಿಯಲ್ಲಿ ಬರೆದಳು: “ಹೋಗ್ಲಿ ಬಿಡೇ. ನನಗೇ ಬೇಡವಾದ ದನಿ ನಿನಗ್ಯಾಕೆ?”

ಅವಳು ಬೇಕಾದರೆ ಬಿಡಲಿ, ನಾನು ಬಿಡುವುದಿಲ್ಲ. ಕಂಪ್ಯೂಟರಿನಲ್ಲಿ ರಿಕವರಿ ಸಾಫ್ಟ್‌ವೇರ್ ಹಾಕಿ ಮೂರು ಸಲ ಹುಡುಕಿಸಿದೆ. ಸಂಜೆ ಒಂದೇ ಒಂದು ಫೈಲು ಸಿಕ್ಕಿತು. ಅದರಲ್ಲಿ ಕವಿತೆಯಿಲ್ಲ; ಅಕ್ಕ ನನ್ನನ್ನು ಬೈಯುತ್ತಾಳೆ: “ಕೆಮ್ಮಬೇಡ ಕಣೇ ಕತ್ತೆ, ರೆಕಾರ್ಡ್ ಆಗ್ತಿದೆ!”

ಅಡುಗೆಮನೆಯಿಂದ ಅವಳು ಒದ್ದೆ ಕೈಯಲ್ಲೇ ಓಡಿ ಬಂದಳು. ಇನ್ನೊಂದು ಸಲ ಹಾಕು ಎಂದು ಬೆರಳೆತ್ತಿ ತೋರಿಸಿದಳು. ಈಗ ಬರೆಯಲಿ ನೋಡೋಣ, ಬೇಡವೆಂದು.