ಕಳಿಸದೆ ಉಳಿದ ಕಡತ

ಹಾರ್ಲನ್ ಕ್ರೀಕ್, ಟೆಕ್ಸಾಸ್
ಮಾರ್ಚ್ 14, ಗುರುವಾರ

ಪ್ರೀತಿಯ ಕೊರಿನ್ನಾ,

ಹೇಗಿದ್ದೀಯಮ್ಮ? ಚಳಿಗೆ ದವಡೆ ಈಗಲೂ ಹಿಡಿದುಕೊಳ್ಳುತ್ತದೆಯೇ? ಗಟ್ಟಿ ತಿನಿಸು ಅಗಿಯಲು ಬರುತ್ತದೆಯೇ? ಮೊಮ್ಮಗಳು ಜೂನಿಯ ಮುಂದಿನ ಹಲ್ಲು ಬಿದ್ದಿರಬೇಕು. ಈ ಕಾಗದ ಹೆಂಗಸರ ಆಶ್ರಯಧಾಮದವರ ಕೈ ದಾಟಿ ನಿನಗೆ ತಲುಪುವಷ್ಟರಲ್ಲಿ ಹೊಸದೂ ಬಂದಿರುತ್ತದೇನೋ.

ವೇಡ್ ಸೇನೆಯ ಜೈಲಿನಿಂದ ಬಿಡುಗಡೆಯಾಗಿ ಬಂದಿದ್ದಾನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನು, ಬಾಗಿಲು ತೆರೆಯದೆ ಇರಲಾಗಲಿಲ್ಲ, ಕ್ಷಮಿಸು. ಮೊದಲ ವಾರ ತಣ್ಣಗಿದ್ದ. ಕಳೆದ ಶನಿವಾರ ಮಧ್ಯಾಹ್ನ ಉದ್ದನೆಯ ಡಬ್ಬವೊಂದನ್ನು ತಂದು ಊಟದ ಮೇಜಿನ ಮೇಲಿಟ್ಟ. ಬಂದೂಕು. ಹೆಂಡತಿಯ ದವಡೆ ಮುರಿಯುವಂತೆ ಹೊಡೆದು ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಯಾದವನಿಗೆ ಯಾರೂ ಬಂದೂಕು ಮಾರುವಂತಿಲ್ಲವೆಂದು ತೀರ್ಪಿನ ದಿನ ನಮ್ಮಿಬ್ಬರಿಗೂ ಹೇಳಿದ್ದರಲ್ಲ, ಅದನ್ನೇ ಅಂದೆ. ಅವನು ನಕ್ಕ. "ಹತ್ತು ನಿಮಿಷದಲ್ಲಿ ಕೊಟ್ರಮ್ಮ. ನಾನೇನೂ ಮಾಡಿಲ್ಲ ಅಂತ ಸರ್ಕಾರಕ್ಕೇ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ."

ಸೋಮವಾರ ಆ ಅಂಗಡಿಗೆ ಹೋದೆ. ಮಾಲೀಕ ಹಾಲಿಸ್ ನಮ್ಮ ಚರ್ಚಿನವನೇ, ಸುಳ್ಳಾಡುವವನಲ್ಲ. ಸರ್ಕಾರದ ಪಟ್ಟಿಯಲ್ಲಿ ಹೆಸರು ಹಾಕಿ ಪರೀಕ್ಷಿಸಿದಾಗ ಮಾರಬಹುದೆಂದೇ ಕಂಪ್ಯೂಟರ್ ಹೇಳಿತಂತೆ. ತೀರ್ಪಿನ ಪ್ರತಿ ಹಿಡಿದು ನೇರ ಸೇನಾನೆಲೆಯ ಕಚೇರಿಗೆ ನಡೆದೆ. ಅಲ್ಲಿನ ಗುಮಾಸ್ತೆ ಕಡತ ಹುಡುಕಿ ತಂದಳು. ಬೆರಳಚ್ಚು, ಸಹಿ, ಮೊಹರು ಎಲ್ಲವೂ ಇತ್ತು. ಬಂದೂಕು ಮಾರಬಾರದವರ ಆ ಪಟ್ಟಿಗೆ ಸೇರಿಸಲು ಮಾತ್ರ ಕಳಿಸಿರಲಿಲ್ಲ. ನ್ಯಾಯಾಲಯದವರು ಕಳಿಸುತ್ತಾರೆಂದು ಈ ಕಚೇರಿಯವರು, ಈ ಕಚೇರಿಯವರು ಕಳಿಸುತ್ತಾರೆಂದು ನ್ಯಾಯಾಲಯದವರು ಬಿಟ್ಟಿದ್ದರಂತೆ. ಇಂಥವರದೇ ತಪ್ಪು ಎನ್ನಲಾಗದು ಎಂದಳು. "ಯಾರದ್ದಾದ್ರೂ ಆಗ್ಲಿ, ನೀನೀಗ ಕಳಿಸು. ನಾನು ನೋಡ್ತಾ ಇಲ್ಲೇ ಕೂತಿರ್ತೀನಿ," ಎಂದೆ. ನಾಲ್ಕು ಗಂಟೆಗೆ ಕಳಿಸಿದಳು.

ಅಲ್ಲಿಂದ ಷೆರಿಫನ ಠಾಣೆಗೆ ಹೋಗಿ ಮಗನ ಮೇಲೆ ನಾನೇ ದೂರು ಬರೆದುಕೊಟ್ಟೆ. ಮರುದಿನ ಬಂದು ಬಂದೂಕನ್ನು ವಶಕ್ಕೆ ತೆಗೆದುಕೊಂಡು ಅವನನ್ನೂ ಕರೆದೊಯ್ದರು. ಮೆಟ್ಟಿಲಿಳಿಯುವಾಗ ತಿರುಗಿ ನನ್ನನ್ನು ನೋಡಿದ. ನೀನು ದಿನವೂ ಎದುರಿಸುತ್ತಿದ್ದ ಮುಖ ಎಂಥದೆಂದು ಆಗ ತಿಳಿಯಿತು. "ಯುದ್ಧ ಕಂಡು ಬಂದವ್ನು, ನೀನೇ ಸ್ವಲ್ಪ ತಗ್ಗಿ ನಡಿ" ಎಂದು ಎಷ್ಟು ಸಲ ನಿನಗೆ ಬುದ್ಧಿ ಹೇಳಿದೆನಲ್ಲ, ಆ ನನ್ನ ನಾಲಿಗೆ ಬಿದ್ದುಹೋಗಲಿ.

ಜೂನಿಯ ನೆತ್ತಿಗೊಂದು ಮುತ್ತು. ದೇವರು ನಿಮ್ಮಿಬ್ಬರ ಬೆನ್ನಿಗಿರಲಿ.

ನಿನ್ನ ಅತ್ತೆ,
ವರ್ನಾ

ತಾ.ಕ.: ಲಕೋಟೆ ಅಂಟಿಸುತ್ತಿದ್ದಾಗ ಹಾಲಿಸ್ ಫೋನ್ ಮಾಡಿದ. ಇವತ್ತು ಲೆಕ್ಕದ ಪುಸ್ತಕ ನೋಡಿದಾಗ ತಿಳಿಯಿತಂತೆ, ಅಂದು ವೇಡ್ ಒಂದು ಪಿಸ್ತೂಲನ್ನೂ ಕೊಂಡಿದ್ದನಂತೆ. ಷೆರಿಫನಿಗೆ ಅದು ಸಿಕ್ಕಿಲ್ಲ. ಬೆಳಿಗ್ಗೆ ಜಾಮೀನಿನ ಮೇಲೆ ಹೊರಬಂದವನು ಮನೆಗೂ ಬಂದಿಲ್ಲ. ಠಾಣೆಗೂ ಆಶ್ರಯಧಾಮಕ್ಕೂ ತಿಳಿಸಿದ್ದೇನೆ. ಇದು ಮುಟ್ಟುವ ಮೊದಲೇ ನಿಮ್ಮನ್ನು ಬೇರೆಡೆಗೆ ಸಾಗಿಸುತ್ತಾರೆ. ಎಲ್ಲಿಗೆಂದು ನನಗೆ ಬರೆಯಬೇಡ. ಅವನು ಬಂದು ಕೇಳಿದರೆ ನನಗೆ ಗೊತ್ತಿರಬಾರದು.