ಬಾಗಿಲಿಗೆ ಬೆನ್ನು ಹಾಕಿದವಳು

ಅಮ್ಮಾ,

ನೀನು ಹೋದ ಮೇಲೂ ನಿನಗೆ ಸುದ್ದಿ ಹೇಳುವ ಚಟ ಹೋಗಿಲ್ಲ. ಕೇಳು.

ನನ್ನ ಕರಾಟೆ ತರಗತಿಗೆ ಹೊಸ ಹುಡುಗಿಯೊಬ್ಬಳು ಸೇರಿದ್ದಾಳೆ. ಇರುವುದು ಹಿಡಿಯಷ್ಟು, ಬಾಯಿ ಮಾತ್ರ ಊರಗಲ. ಅವಳ ಅಮ್ಮ, ಸಾಕ್ಸ್ ತುರುಕಿದ ಮಗಳ ಶೂ ಹಿಡಿದುಕೊಂಡು, ದಿನಾ ಬಾಗಿಲಿಗೆ ಬೆನ್ನು ಹಾಕಿ ಹೊರಗೇ ನಿಂತಿರುತ್ತಾಳೆ. ಒಳಗೆ ಧಪ್ಪೆಂದರೆ ಸಾಕು, ಅವಳ ಭುಜ ಕುಗ್ಗುತ್ತದೆ.

ಇವತ್ತು ನಾನೇ ಹೋಗಿ ಕರೆದೆ. "ಒಳಗೆ ಬನ್ನಿ, ಮಗಳು ಒದೆಯೋಕೆ ಪ್ಯಾಡ್ ಹಿಡ್ಕೊಳ್ಳಿ."

"ಅಯ್ಯೋ, ನನ್ನ ಕೈಲಾಗಲ್ಲ ಮೇಡಂ. ಅವಳು ಬೀಳೋದನ್ನ ನೋಡೋಕಾಗಲ್ಲ."

"ಬೀಳೋದು ಅವಳಲ್ಲ, ನೀವು."

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಆಕೆ ಶೂ ಕೆಳಗಿಟ್ಟು, ಪ್ಯಾಡನ್ನು ಹಸುಗೂಸಿನಂತೆ ಎದೆಗವಚಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿ ನಿಂತಳು. ಮಗಳು ಒದ್ದಳು. ಆಕೆ ತಡವರಿಸಿ ಹಿಂದೆ ಸರಿದು, ಕಣ್ಣು ಬಿಟ್ಟು ನೋಡಿದಳು.

"ಅಬ್ಬಬ್ಬಾ! ಇಷ್ಟು ಶಕ್ತಿ ಎಲ್ಲಿ ಬಚ್ಚಿಟ್ಟಿದ್ಯೇ? ಇನ್ನೊಂದು ಕೊಡು, ನೋಡೋಣ!"

ಆಮೇಲೆ ನನ್ನ ಮಾತು ಕೇಳುವವರೇ ಇಲ್ಲ. ಇಡೀ ತರಗತಿ ಸಾಲುಗಟ್ಟಿ ನಿಂತು ಆಕೆಯ ಪ್ಯಾಡಿಗೇ ಒದೆಯಿತು. ಆಕೆ ಬೆವರಿಳಿಸಿಕೊಂಡು ನಗುತ್ತಲೇ ಇದ್ದಳು. ಮನೆಗೆ ಹೊರಟಾಗ ಶೂ ಮರೆತೇ ಹೋಗಿತ್ತು. ಮಗಳೇ ಓಡಿಬಂದು ಎತ್ತಿಕೊಂಡಳು.

ಎಷ್ಟು ಚೆಂದದ ಸಂಜೆ ಗೊತ್ತೇ!

ಎಲ್ಲರೂ ಹೋದ ಮೇಲೆ ಪ್ಯಾಡನ್ನು ಕಪಾಟಿನಲ್ಲಿ ಇಡಲು ಎತ್ತಿಕೊಂಡೆ. ಏನೂ ಭಾರವಿಲ್ಲ ಅಮ್ಮಾ ಅದು. ವರ್ಷಗಟ್ಟಲೆ ಬಾಗಿಲ ಹೊರಗೆ ನನ್ನ ಶೂ ಹಿಡಿದು ನಿಂತ ನಿನಗೆ ಇದು ಭಾರವೇ ಆಗುತ್ತಿರಲಿಲ್ಲ.