ಮಂದಾಬಾಯಿ ತಂದ ಹಕ್ಕರಕಿ

ಅವ್ವಾ,

ಇವತ್ತು ಮಂದಾಬಾಯಿಗೆ ಹೇಳಿಬಿಟ್ಟೆ. ನಿನ್ನ ಸೊಸೆ ಕಮಲಾ ಗೆದ್ದಳು. ಇನ್ನು ಮನೆಯಲ್ಲಿ ದಿನಾ ಮೆಂತ್ಯದ ಪಲ್ಯ ಇಲ್ಲ.

ನೀನು ಹೋದಾಗ ಮಂದಾಬಾಯಿ ಮಗಳ ಬಾಣಂತನಕ್ಕೆಂದು ತನ್ನ ಹಳ್ಳಿಯಲ್ಲಿದ್ದಳಲ್ಲ, ಅವಳಿಗೆ ಏನೂ ಗೊತ್ತಿರಲಿಲ್ಲ. ತಿರುಗಿ ಬಂದವಳೇ ಕಾಯಿಪಲ್ಲೆ ಗಾಡಿಯನ್ನು ನಮ್ಮ ಬಾಗಿಲಲ್ಲಿ ನಿಲ್ಲಿಸಿ, "ಅವ್ವಾ, ಹೊರಗ ಬಾ! ಮೆಂತೆ ಎಳೇದೈತಿ!" ಎಂದು ಕೂಗಿದಳು. ಇಡೀ ನಾಗಪುರದಲ್ಲಿ ಕನ್ನಡದಲ್ಲಿ ಕೂಗಿ ಮಾರುವ ಮರಾಠಿ ಹೆಂಗಸು ಅವಳೊಬ್ಬಳೇ ಇರಬೇಕು. ಕನ್ನಡದಲ್ಲಿ ಕೂಗಿದರೆ ಮಾತ್ರ ಕೊಳ್ಳುತ್ತೇನೆ ಅಂತ ಹಟ ಹಿಡಿದವಳು ನೀನೇ ಅಲ್ಲವೇ? ಹೇಳಬೇಕು ಅಂತಲೇ ನಾನು ಬಾಗಿಲಿಗೆ ಹೋದೆ. ಬಾಯಿಂದ ಬಂದದ್ದು ಮಾತ್ರ, "ಅವ್ವ ಊರಿಗೆ ಹೋಗ್ಯಾಳ. ಎರಡ್ ಕಟ್ ಕೊಡು."

ಅಂದಿನಿಂದ ದಿನಾ ಎರಡು ಕಟ್ಟು. ಕಮಲಾ ಮೆಂತ್ಯದ ಬ್ಯಾಳಿ, ಮೆಂತ್ಯದ ರೊಟ್ಟಿ ಎಲ್ಲ ಮಾಡಿ ಸೋತಳು. "ನಿಮಗ ಹೇಳಾಕ ಬಾಯಿಲ್ಲ, ತಿನ್ನಾಕ ನಾವ ಬೇಕೇನ್ರಿ? ನಾಳೆ ನಾನ ಹೇಳ್ತೀನಿ."

"ಬ್ಯಾಡ. ಇನ್ನೊಂದ್ ವಾರ ಅವ್ವ ಊರಾಗ ಇರ್ಲಿ ಬಿಡ," ಅಂದೆ.

ನಿನ್ನ ಮಣ್ಣಿನ ದಿನ ನಾನು ಹೀಗಿರಲಿಲ್ಲ. ರೈಲು ತಡವಾಗಿ ಸೊಲ್ಲಾಪುರದ ಸೋದರಮಾವ ಎಲ್ಲ ಮುಗಿದ ಮೇಲೆ ಓಡುತ್ತ ಬಂದಾಗ, "ಮಾಮಾ, ಅವ್ವ ಬರೋಬರ್ ಟೈಮಿಗೆ ಹೊಂಟ್ಲು, ನೀವ ಲೇಟು" ಅಂದೆ. ಅವನು ಅಳುತ್ತಲೇ ನಕ್ಕ. ಬುಟಿಬೋರಿಗೆ ಹೋಗುವ ಫ್ಯಾಕ್ಟರಿ ಬಸ್ಸಿನಲ್ಲಿ ಎಲ್ಲರಿಗೂ ಹಿಂದಿಯಲ್ಲಿ ಆರಾಮಾಗಿ ಸುದ್ದಿ ಹೇಳಿದೆ. ಹಾಗಾದರೆ ಇವಳೊಬ್ಬಳಿಗೆ ಹೇಳಲು ಯಾಕೆ... ಅವಳು ಕೂಗಿದಾಗ ನೀನು ಒಳಗೆ ಸೆರಗು ಸರಿಮಾಡಿಕೊಳ್ಳುತ್ತಿದ್ದೀಯ ಅನ್ನಿಸುತ್ತಿತ್ತು. ಅದಕ್ಕೇ ಇರಬೇಕು.

ಇವತ್ತು ಬೆಳಿಗ್ಗೆ ಅವಳು ಒದ್ದೆ ಬಟ್ಟೆಯಲ್ಲಿ ಏನೋ ಸುತ್ತಿಕೊಂಡು ಬಂದಳು. ಬಿಚ್ಚಿದರೆ ಹಕ್ಕರಕಿ! ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನಲು ಆ ಸೊಪ್ಪು ಈ ಊರಲ್ಲಿ ಸಿಗುವುದಿಲ್ಲ ಅಂತ ನೀನು ಎಷ್ಟು ಗೊಣಗುತ್ತಿದ್ದೆ? ಎಲೆ ಹೀಗಿರುತ್ತದೆ, ಮುರಿದರೆ ಹಾಲು ಬರುತ್ತದೆ ಅಂತ ಅವಳಿಗೆ ಕೈಯಾಡಿಸಿ ಹೇಳಿದ್ದೆಯಂತೆ. ನಿನ್ನೆ ಮಧ್ಯಾಹ್ನ ಮೊಮ್ಮಗುವನ್ನು ನೋಡಲು ಮತ್ತೆ ಹಳ್ಳಿಗೆ ಹೋದವಳು ಹೊಲದ ಬದುವಿನಲ್ಲಿ ಹುಡುಕಿ ತಂದಿದ್ದಾಳೆ. ನಾನು ಕೈ ಚಾಚಿದರೆ ಹಿಂದಕ್ಕೆಳೆದುಕೊಂಡಳು.

"ನಿನಗಲ್ಲ. ಅವ್ವನ ಕೈಯಾಗ ಕೊಡ್ತೀನಿ. ಯಾವಾಗ ಬರ್ತಾಳ?"

"ಬರಂಗಿಲ್ಲ, ಮಂದಾಬಾಯಿ. ಅವ್ವ ಸತ್ಲು."

ಆ ಮಾತನ್ನು ಕನ್ನಡದಲ್ಲಿ ನಾನು ಆಡಿದ್ದು ಅದೇ ಮೊದಲು. ಮುಂದೆ ಏನಾದರೂ ತಮಾಷೆ ಮಾಡೋಣವೆಂದರೆ ಒಂದೂ ನೆನಪಾಗಲಿಲ್ಲ. ಗಾಡಿಯ ಅಂಚು ಹಿಡಿದು ಮೂಲಂಗಿ ನೋಡುತ್ತ ಅತ್ತುಬಿಟ್ಟೆ.

"ಸುಮ್ನಿರೋ ಮಂಗ್ಯಾ, ಸುಮ್ನಿರು," ಅಂದಳು, ತಾನೂ ಅಳುತ್ತ. ನೀನು ಬೈಯುವುದನ್ನು ಕೇಳಿ ಕೇಳಿ ಅದೇ ನನ್ನ ಹೆಸರು ಅಂದುಕೊಂಡಿದ್ದಾಳೆ! ಹಾಗೆ ಕರೆಯುವವರು ಇನ್ನು ಯಾರೂ ಇಲ್ಲ ಅಂತ ನಾನು ತಿಳಿದಿದ್ದೆ.

ಹೋಗುವಾಗ ಕೇಳಿದಳು, "ನಾಳಿಂದ ಏನಂತ ಕೂಗ್ಲಿ?"

"ಅವ್ವಾ ಅಂತನ ಕೂಗು. ಆದ್ರ ಮೆಂತೆ ತರಬ್ಯಾಡ."

ಒಳಗಿನಿಂದ ಕಮಲಾ ಕರೆಯುತ್ತಿದ್ದಾಳೆ: "ಅಷ್ಟ್ ಏನ್ ಬರಿಯಾಕತ್ತೀರಿ? ಜಲ್ದಿ ಬರ್ರಿ, ರೊಟ್ಟಿ ಆರಾಕತ್ತಾವ. ಹಕ್ಕರಕಿ ನಾನೊಬ್ಬಾಕಿನ ತಿಂದು ಮುಗಸ್ತೀನಿ ನೋಡ್ರಿ!"

ತಡಿ ಅವ್ವಾ, ಇವಳು ನಿಜವಾಗಿಯೂ ಮುಗಿಸಿಬಿಡುತ್ತಾಳೆ.